ಪಿಮಾಯ್‌ನಲ್ಲಿ ಒಂದು ರಾತ್ರಿ: ಥಾಯ್ಲೆಂಡಿನ ಕನ್ನಡಿಗರಿಗೆ ಸಣ್ಣ ಗೆಸ್ಟ್‌ಹೌಸಿನ ರೀತಿ-ರಿವಾಜು

ಊರಿಂದ ಅಪ್ಪ-ಅಮ್ಮ ಬಂದರೆ ಬ್ಯಾಂಕಾಕ್‌ನಲ್ಲಿರುವ ನಾವು ಅವರನ್ನು ಕರೆದುಕೊಂಡು ಹೋಗುವುದು ಅಯುತ್ಥಯಕ್ಕೆ, ಪಟ್ಟಾಯಕ್ಕೆ. "ಇಲ್ಲಿ ಹಳೇ ಕಲ್ಲಿನ ದೇವಸ್ಥಾನ ಇಲ್ವೇನೋ?" ಅಂತ ಅಮ್ಮ ಕೇಳಿದ ಕೂಡಲೇ ಅಂಕೋರ್ ವಾಟ್, ಕಾಂಬೋಡಿಯ ವೀಸಾ, ವಿಮಾನದ ಟಿಕೆಟ್ ಎಂದು ಲೆಕ್ಕ ಹಾಕಲು ಕೂರುತ್ತೇವೆ. ಅಷ್ಟು ದೂರ ಹೋಗಬೇಕಾಗಿಲ್ಲ. ಅಂಕೋರ್ ವಾಟ್ ಕಟ್ಟಿದ ಖ್ಮೇರರೇ ಕಟ್ಟಿದ ದೊಡ್ಡ ದೇಗುಲಗಳು ಥಾಯ್ಲೆಂಡಿನ ಒಳಗೇ, ಈಸಾನ್ ಭಾಗದಲ್ಲಿ ಇವೆ. ಈಸಾನ್ ಎಂದರೆ ನಮ್ಮ ಈಶಾನ್ಯವೇ. ಅದರಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವುದು ಪಿಮಾಯ್. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಬೆಳಿಗ್ಗೆ ಹೋಗಿ ಸಂಜೆ ಬರಬೇಡಿ, ಒಂದು ರಾತ್ರಿ ಅಲ್ಲೇ ಉಳಿಯಿರಿ.

ಉಳಿಯುವ ವಿಚಾರಕ್ಕೆ ಬಂದಾಗ ನಮ್ಮವರು ಹಿಂಜರಿಯುತ್ತಾರೆ. ಪಿಮಾಯ್ ಪುಟ್ಟ ಊರು. ಅಲ್ಲಿರುವುದು ಮನೆಯವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್‌ಗಳು. ಬೋರ್ಡು ಥಾಯ್ ಭಾಷೆಯಲ್ಲಿ, ಮಾತು ಥಾಯ್ ಭಾಷೆಯಲ್ಲಿ, ಪಾಸ್‌ಪೋರ್ಟ್ ಬೇರೆ ಕೇಳುತ್ತಾರೆ. ಆದರೆ ಇಲ್ಲಿನ ಸಣ್ಣ ವಸತಿಗೃಹಗಳಿಗೆ ಅವುಗಳದೇ ಆದ ಒಂದು ಕ್ರಮವಿದೆ. ಅದನ್ನು ಒಮ್ಮೆ ತಿಳಿದುಕೊಂಡರೆ ದೇಶದ ಯಾವ ಮೂಲೆಯಲ್ಲಾದರೂ ನಿಶ್ಚಿಂತೆಯಿಂದ ಇಳಿದುಕೊಳ್ಳಬಹುದು.

ಪಿಮಾಯ್‌ಗೂ ತಂಗುವುದಕ್ಕೂ ಇರುವ ನಂಟು ಹಳೆಯದು. ಖ್ಮೇರ್ ದೊರೆ ಏಳನೇ ಜಯವರ್ಮ ರಾಜಧಾನಿಯಿಂದ ಹೊರಟ ದಾರಿಗಳ ಉದ್ದಕ್ಕೂ ಪ್ರಯಾಣಿಕರಿಗೆ 121 ತಂಗುಮನೆಗಳಿದ್ದವೆಂದು ಅಂಕೋರ್‌ನ ಪ್ರಿಯಾ ಖಾನ್ ದೇಗುಲದ 1191ರ ಶಾಸನದಲ್ಲಿ ಬರೆಸಿದ್ದಾನೆ. ಶಾಸನ ಸಂಸ್ಕೃತದಲ್ಲಿದೆ, ಆ ಮನೆಗಳನ್ನು ಅದು ಬೆಂಕಿಯ ಮನೆಗಳು ಎಂದು ಕರೆಯುತ್ತದೆ. ಅದರಲ್ಲಿ 17 ಇದ್ದದ್ದು ಅಂಕೋರ್‌ನಿಂದ ಪಿಮಾಯ್‌ಗೆ, ಅಂದರೆ ಅಂದಿನ ವಿಮಾಯಪುರಕ್ಕೆ ಬರುವ ದಾರಿಯಲ್ಲಿ. ನಮ್ಮ ಕಡೆ ಛತ್ರ, ಅರವಟ್ಟಿಗೆ ಕಟ್ಟಿಸಿದ ಹಾಗೆಯೇ. ಆ ದಾರಿ ಊರನ್ನು ಸೇರುತ್ತಿದ್ದ ದಕ್ಷಿಣದ ಹೆಬ್ಬಾಗಿಲು ಇಂದಿಗೂ ನಿಂತಿದೆ. ಅದರ ಹೆಸರು ಪ್ರತೂ ಚಾಯ್, ಅಂದರೆ ಜಯದ ಬಾಗಿಲು. ಸಂಜೆ ಅದರ ಕೆಳಗೆ ಹಾದು ಕೊಠಡಿಗೆ ಮರಳುವಾಗ ನನಗೆ ಪ್ರತಿ ಸಲ ಆ ಹದಿನೇಳು ಮನೆಗಳು ನೆನಪಾಗುತ್ತವೆ.

ಹೋಗುವುದು ಸುಲಭ. ಬ್ಯಾಂಕಾಕ್‌ನ ಮೋ ಚಿತ್ ನಿಲ್ದಾಣದಿಂದ ನಾಖೋನ್ ರಾಚಸೀಮಾ ಊರಿಗೆ ಬಸ್ಸುಗಳಿಗೆ ಬರವಿಲ್ಲ. ಜನ ಆ ಊರನ್ನು ಕರೆಯುವುದು ಕೋರಾತ್ ಎಂದು. ಸುಮಾರು ನಾಲ್ಕು ಗಂಟೆಯ ದಾರಿ. ಕೋರಾತ್‌ನ ಎರಡನೇ ಬಸ್ ನಿಲ್ದಾಣದಿಂದ ಪಿಮಾಯ್‌ಗೆ ಸುಮಾರು 60 ಕಿ.ಮೀ. ಹಳೇ ಊರಿನ ಒಳಗೇ ಇಳಿದುಬಿಡಿ. ದೇಗುಲ, ಸಂಜೆಯ ಸಂತೆ, ಗೆಸ್ಟ್‌ಹೌಸು ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಹೊರವಲಯದ ಜಾಗ ಸ್ವಲ್ಪ ಅಗ್ಗವಿದ್ದರೂ ವಯಸ್ಸಾದವರು ಜೊತೆಗಿದ್ದರೆ ಬೇಡ.

ಈಗ ಬೋರ್ಡು ಓದುವ ವಿಷಯ. "ಹೊಂಗ್ ಪಾಕ್" ಎಂದರೆ ತಂಗುವ ಕೊಠಡಿ. "ರಾಯ್ ವಾನ್" ಎಂದಿದ್ದರೆ ದಿನದ ಬಾಡಿಗೆ, "ರಾಯ್ ದುವಾನ್" ಎಂದರೆ ತಿಂಗಳ ಬಾಡಿಗೆ. "ಹೊಂಗ್ ಪಾತ್‌ಲೋಮ್" ಫ್ಯಾನಿನ ಕೊಠಡಿ, "ಹೊಂಗ್ ಆ್ಯ" ಎ.ಸಿ. ಕೊಠಡಿ. ಇನ್ನೆರಡು ಮಾತು ಚೆನ್ನಾಗಿ ನೆನಪಿಡಿ. "ಖಾಂಗ್ ಖೂನ್" ಎಂದರೆ ಇಡೀ ರಾತ್ರಿಯ ದರ. "ಚುವಾ ಖ್ರಾವ್" ಎಂದರೆ ಕೆಲವೇ ಗಂಟೆಯ ದರ. ಹೆದ್ದಾರಿ ಬದಿಯಲ್ಲಿ ಸಾಲಾಗಿ ಪುಟ್ಟ ಮನೆಗಳಿರುವ ಜಾಗಕ್ಕೆ ಈಸಾನ್‌ನಲ್ಲಿ "ರೀಸಾಟ್" ಎನ್ನುತ್ತಾರೆ. ಹೆಸರು ಕೇಳಿ ಈಜುಕೊಳ, ಹುಲ್ಲುಹಾಸು ಎಂದುಕೊಳ್ಳಬೇಡಿ. ಬಹುತೇಕ ಚೊಕ್ಕಟವಾಗಿಯೇ ಇರುತ್ತವೆ. ಆದರೆ ಬಾಗಿಲಲ್ಲಿ ಗಂಟೆಯ ದರ ದೊಡ್ಡದಾಗಿ ಬರೆದಿದ್ದರೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಜಾಗ ಅದಲ್ಲ, ಮುಂದೆ ನಡೆಯಿರಿ. ಕೊಠಡಿ ನೋಡಿ ಆಮೇಲೆ ಒಪ್ಪಿಕೊಳ್ಳುವುದು ಇಲ್ಲಿ ವಾಡಿಕೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಳೆದ ಸಲ ನಾವು ಉಳಿದ ಎ.ಸಿ. ಕೊಠಡಿಗೆ 450 ಬಾತ್ ಕೊಟ್ಟೆವು.

ಪಾಸ್‌ಪೋರ್ಟ್ ಯಾಕೆ ಕೇಳುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮವರಿಗೆ ಗಾಬರಿ ಹೆಚ್ಚು ಇಲ್ಲೇ. ಥಾಯ್ ವಸತಿ ಕಾನೂನಿನ ಪ್ರಕಾರ ಬಂದ ಪ್ರತಿಯೊಬ್ಬ ಅತಿಥಿಯ ಹೆಸರು, ವಿಳಾಸ ದಾಖಲಾಗಬೇಕು. ಅದಕ್ಕೆ "ರೋ ರೋ 3" ಎಂಬ ಚೀಟಿ ಇರುತ್ತದೆ. ಇದು ಎಲ್ಲರಿಗೂ ಒಂದೇ, ಥಾಯ್ ಜನರಿಗೂ ಸೇರಿ. ಎರಡನೆಯದು ವಿದೇಶಿಯರಿಗೆ ಮಾತ್ರ. 1979ರ ವಲಸೆ ಕಾಯ್ದೆಯ 38ನೇ ಕಲಮಿನಂತೆ ವಿದೇಶಿ ವ್ಯಕ್ತಿ ತಂಗಿದ 24 ಗಂಟೆಯೊಳಗೆ ಮನೆಯ ಯಜಮಾನರೋ ವಸತಿಗೃಹದ ಮೇಲ್ವಿಚಾರಕರೋ ವಲಸೆ ಇಲಾಖೆಗೆ ತಿಳಿಸಬೇಕು. ಇದೇ ನಾವೆಲ್ಲ ಕೇಳಿರುವ ಟಿಎಂ 30. ತಿಳಿಸದಿದ್ದರೆ ದಂಡ ಅವರಿಗೆ, ವಸತಿಗೃಹವಾದರೆ 10,000 ಬಾತ್‌ವರೆಗೂ ಬೀಳಬಹುದು. ಹಾಗಾಗಿ ಪಾಸ್‌ಪೋರ್ಟಿನ ಫೋಟೊ ತೆಗೆದುಕೊಂಡರೆ ಅದು ನಿಮ್ಮ ಮೇಲಿನ ಅನುಮಾನವಲ್ಲ, ಅವರ ಕರ್ತವ್ಯ. ಆದರೆ ಅಸಲು ಪಾಸ್‌ಪೋರ್ಟನ್ನು ಒತ್ತೆಯಾಗಿ ಬಿಡಬೇಡಿ. ಬೇಕಾದರೆ ನಗದು ಇಡುತ್ತೇನೆ ಎನ್ನಿ.

ನೀವು ಇಲ್ಲೇ ಕೆಲಸದ ವೀಸಾದಲ್ಲಿರುವವರಾದರೆ ಇನ್ನೊಂದು ಮಾತು. ಊರೂರು ಸುತ್ತಿ ಮನೆಗೆ ಮರಳಿದ ಪ್ರತಿ ಸಲ ಮನೆ ಮಾಲೀಕರು ಮತ್ತೆ ಟಿಎಂ 30 ಹಾಕಬೇಕೆಂಬ ಕಾಟ ಮೊದಲು ಇತ್ತು. 2020ರಲ್ಲಿ ನಿಯಮ ಸಡಿಲವಾಯಿತು. ಮೊದಲೇ ವರದಿಯಾದ ವಿಳಾಸಕ್ಕೆ ಮರಳಿದರೆ ಮತ್ತೆ ಬೇಕಾಗಿಲ್ಲ. ಆದರೂ ವೀಸಾ ನವೀಕರಣವೋ ತೊಂಬತ್ತು ದಿನಕ್ಕೊಮ್ಮೆ ವಿಳಾಸ ತಿಳಿಸುವ ವರದಿಯೋ ಹತ್ತಿರದಲ್ಲಿದ್ದರೆ ನಿಮ್ಮ ಭಾಗದ ವಲಸೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ಒಂದೊಂದು ಕಚೇರಿಯ ರೂಢಿ ಒಂದೊಂದು. ಮನೆಯ ಟಿಎಂ 30 ರಸೀದಿಯ ಫೋಟೊ ಫೋನಿನಲ್ಲಿರಲಿ. ನನ್ನ ಗೆಳೆಯರೊಬ್ಬರು ಈ ಒಂದು ಕಾಗದ ಸಿಗದೆ ಅರ್ಧ ದಿನ ರಜೆ ಹಾಕಿ ಮನೆಗೂ ಕಚೇರಿಗೂ ಓಡಾಡಿದ್ದಾರೆ. ಊರಿಂದ ಬರುವ ಅಪ್ಪ-ಅಮ್ಮನ ಮಟ್ಟಿಗೆ ಹೇಳುವುದಾದರೆ, 2025ರ ಮೇ 1ರಿಂದ ಥಾಯ್ಲೆಂಡಿಗೆ ಬರುವ ವಿದೇಶಿಯರು ಬರುವ ಮುನ್ನವೇ ಆನ್‌ಲೈನಿನಲ್ಲಿ ಆಗಮನ ಚೀಟಿ ತುಂಬಬೇಕು. ಅವರ ಪರವಾಗಿ ನೀವೇ ತುಂಬಿ ಕೊಡಿ. ರಸೀದಿಗಳಲ್ಲಿ 2568 ಎಂಬ ವರ್ಷ ಕಂಡರೆ ಅಪ್ಪ ಬೆರಗಾಗಬಹುದು. ಅದು ಬೌದ್ಧ ಶಕೆ, 543 ಕಳೆದರೆ ನಮ್ಮ ಕ್ಯಾಲೆಂಡರಿನ 2025.

ದುಡ್ಡು ಮೊದಲೇ ಕೊಡಬೇಕು. ಅದರ ಜೊತೆ "ಮಾತ್ ಚಾಮ್" ಎಂದು ಸಣ್ಣ ಮುಂಗಡ ಇಟ್ಟುಕೊಳ್ಳುತ್ತಾರೆ, ಬೀಗದ ಕೈಗೆ ನೂರೋ ಇನ್ನೂರೋ ಬಾತ್. ಕೀ ಮರಳಿಸಿದಾಗ ವಾಪಸ್ಸು ಬರುತ್ತದೆ. ಇಲ್ಲಿನ ಬ್ಯಾಂಕ್ ಖಾತೆ ಇದ್ದವರು ಗೋಡೆಯ ಮೇಲಿನ ಪ್ರಾಂಪ್ಟ್‌ಪೇ ಕ್ಯೂಆರ್ ಸ್ಕ್ಯಾನ್ ಮಾಡಿದರಾಯಿತು. ಉಳಿದವರು ನಗದು ಇಟ್ಟುಕೊಳ್ಳಿ, ಕಾರ್ಡು ನಡೆಯುವುದು ಅಪರೂಪ. ಕೊಠಡಿ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ, ಬಿಡಬೇಕಾದದ್ದು ಮರುದಿನ ಹನ್ನೆರಡಕ್ಕೆ. ಎರಡು ಬಾಟಲಿ ಕುಡಿಯುವ ನೀರು, ಟವೆಲ್, ಸೋಪು ಕೊಡುತ್ತಾರೆ. ಬೆಳಗಿನ ತಿಂಡಿ ಇರುವುದಿಲ್ಲ, ಬಿಸಿನೀರಿನ ಕೆಟಲ್ಲೂ ಕಾಫಿಪುಡಿಯ ಸಣ್ಣ ಪೊಟ್ಟಣಗಳೂ ಇರಬಹುದು. ಚಪ್ಪಲಿ ಹೊರಗೆ ಬಿಡಬೇಕು, ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ನಾನ, ಶೌಚ ಎರಡೂ ಒಂದೇ ಕೋಣೆಯಲ್ಲಿ, ಮಧ್ಯೆ ಪರದೆ ಇಲ್ಲ, ಸ್ನಾನವಾದ ಮೇಲೆ ನೆಲವೆಲ್ಲ ಒದ್ದೆ. ಅಮ್ಮನಿಗೆ ಜಾರದ ಚಪ್ಪಲಿ ಇಟ್ಟುಕೊಳ್ಳಿ. ಇಲ್ಲಿನ ಪ್ಲಗ್ ತೂತು ನಮ್ಮ ಎರಡು ಕಡ್ಡಿಯ ಚಾರ್ಜರಿಗೆ ಹೊಂದುತ್ತದೆ. ದಪ್ಪ ಮೂರು ಕಡ್ಡಿಯ ಪ್ಲಗ್ ಹೋಗುವುದಿಲ್ಲ.

ನಾವು ಇಳಿದುಕೊಂಡ ಗೆಸ್ಟ್‌ಹೌಸ್ ನಡೆಸುತ್ತಿದ್ದವರು ಅರವತ್ತು ದಾಟಿದ ಹೆಂಗಸು. ಅವರನ್ನು "ಪಾ" ಎಂದು ಕರೆದೆವು, ಥಾಯ್ ಭಾಷೆಯಲ್ಲಿ ದೊಡ್ಡಮ್ಮ ಎಂದ ಹಾಗೆ. ನಿಮಗಿಂತ ಸ್ವಲ್ಪ ದೊಡ್ಡವರಾದರೆ "ಪೀ", ಅಜ್ಜಿಯಾದರೆ "ಯಾಯ್". ಈ ಸಂಬಂಧದ ಮಾತು ಬಾಯಿಂದ ಬಂದ ಕ್ಷಣ ಎದುರಿನವರ ಮುಖ ಅರಳುತ್ತದೆ, ನಮ್ಮೂರಿನಲ್ಲಿ "ಅಕ್ಕಾ" ಎಂದರೆ ಅರಳುವ ಹಾಗೆಯೇ. ಬೆಳಿಗ್ಗೆ ಆರೂವರೆಗೆ ಪಾ ಅಂಗಳದ ಮೂಲೆಯ ಕಂಬದ ಮೇಲಿನ ಪುಟ್ಟ ಗುಡಿಯ ಮುಂದೆ ನಿಂತಿದ್ದರು. ಹಿಂದಿನ ದಿನದ ಬಾಡಿದ ಹಾರ ತೆಗೆದರು, ಕೆಂಪು ಫ್ಯಾಂಟಾ ಬಾಟಲಿಯ ಮುಚ್ಚಳ ಬಿಚ್ಚಿ ಒಳಗೊಂದು ಸ್ಟ್ರಾ ಇಳಿಸಿ ದೇವರ ಮುಂದಿಟ್ಟರು, ಊದುಬತ್ತಿ ಹಚ್ಚಿ ಕೈಮುಗಿದರು. ಅದು "ಸಾನ್ ಪ್ರ ಪೂಮ್", ಆ ಜಾಗವನ್ನು ಕಾಯುವ ದೈವದ ಮನೆ. ಪೂಮ್ ಎಂದರೆ ಭೂಮಿ. ನನ್ನ ಅತ್ತೆ ಏನೂ ಕೇಳದೆ ಪಕ್ಕದಲ್ಲಿ ನಿಂತು ತಾವೂ ಕೈಮುಗಿದರು. ಆ ದೈವದ ಗುಡಿಯ ಮೇಲೆ ಬಟ್ಟೆ ಒಣಹಾಕುವುದು, ಚೀಲ ಇಡುವುದು ಮಾತ್ರ ಖಂಡಿತ ಕೂಡದು.

ಊಟದ ವಿಷಯಕ್ಕೆ ಬಂದರೆ ಸಸ್ಯಾಹಾರಿಗಳು ಕಲಿಯಬೇಕಾದ ಮಾತು "ಮಾಂಗ್‌ಸಾವಿರಾತ್". ಬಿಡಿಸಿದರೆ ಮಾಂಸವಿರತಿ, ಸಂಸ್ಕೃತದ್ದೇ ಪದ. ಆದರೆ ಈಸಾನ್‌ನಲ್ಲಿ ಅಷ್ಟು ಹೇಳಿದರೆ ಸಾಲದು. ಪರಂಗಿಕಾಯಿಯ ಸೋಮ್ ತಾಮ್‌ಗೂ ಹುದುಗಿಸಿದ ಮೀನಿನ ಪ್ಲಾ ರಾ ಬೀಳುತ್ತದೆ, ತರಕಾರಿ ಹುರಿದರೂ ಮೀನಿನ ಸಾಸು ಹಾಕುತ್ತಾರೆ. "ಮೈ ಸಾಯ್ ಪ್ಲಾ ರಾ, ಮೈ ಸಾಯ್ ನಾಮ್ ಪ್ಲಾ" ಎಂದು ಎರಡನ್ನೂ ಬೇಡವೆನ್ನಬೇಕು. ಈರುಳ್ಳಿ-ಬೆಳ್ಳುಳ್ಳಿಯೂ ತಿನ್ನದವರು ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ "ಜೇ" ಎಂದಿರುವ ಅಂಗಡಿ ಹುಡುಕಿ. ಪಿಮಾಯ್ ಹೆಸರಿನದೇ ಹುರಿದ ಅಕ್ಕಿ ಶಾವಿಗೆ ಇಲ್ಲಿ ಪ್ರಸಿದ್ಧ, ಮಾಂಸ ಬಿಟ್ಟು ಮಾಡಿಕೊಡಿ ಎಂದರೆ ಮಾಡಿಕೊಡುತ್ತಾರೆ. ಅಂಟು ಅನ್ನ, ಸುಟ್ಟ ಬಾಳೆಹಣ್ಣು ಸಂಜೆಯ ಸಂತೆಯಲ್ಲಿ ಸಿಗುತ್ತದೆ. ನಾವಂತೂ ಚಟ್ನಿಪುಡಿ ಇಲ್ಲದೆ ಹೊರಡುವುದಿಲ್ಲ.

ರಾತ್ರಿ ಉಳಿದದ್ದರ ಫಲ ಸಿಗುವುದು ಬೆಳಿಗ್ಗೆ ಏಳಕ್ಕೆ, ದೇಗುಲದ ಬಾಗಿಲು ತೆರೆದಾಗ. ಆ ಹೊತ್ತಿಗೆ ಕೋರಾತ್‌ನ ಬಸ್ಸುಗಳು ಇನ್ನೂ ಬಂದಿರುವುದಿಲ್ಲ, ಬಿಸಿಲೂ ಏರಿರುವುದಿಲ್ಲ. ಟಿಕೆಟ್ ದರ ವಿದೇಶಿಯರಿಗೆ ಬೇರೆ, ಥಾಯ್ ಜನರಿಗಿಂತ ಹೆಚ್ಚು, ಅದಕ್ಕೆ ಜಗಳ ಬೇಡ. ನಾಗಸೇತುವೆ ದಾಟಿ ಒಳಗೆ ಹೋದರೆ ಮಾಹಿತಿ ಫಲಕಗಳಲ್ಲಿ "ಖೋಪುರ", "ಮೊಂಡೊಪ್" ಎಂದು ಕಾಣುತ್ತದೆ, ನಮ್ಮ ಗೋಪುರ, ಮಂಟಪಗಳೇ. ನಡುವಿನ ಬಿಳಿ ಮರಳುಗಲ್ಲಿನ ಶಿಖರ ಸುಮಾರು 28 ಮೀಟರ್ ಎತ್ತರ. ಮುಖಮಂಟಪದ ಮೇಲೆ ಕುಣಿಯುವ ಶಿವ, ಸುತ್ತ ರಾಮಾಯಣ, ಒಳಗೆ ಹೋದರೆ ಬುದ್ಧ. ಪಿಮಾಯ್ ಮಹಾಯಾನ ಬೌದ್ಧರ ಗುಡಿ, ಆದರೂ ನಮ್ಮ ಕಥೆಗಳೆಲ್ಲ ಬಾಗಿಲವಾಡದ ಮೇಲಿವೆ. ದಕ್ಷಿಣದ ಗೋಪುರದ ಬಾಗಿಲ ಚೌಕಟ್ಟಿನಲ್ಲಿ ಖ್ಮೇರ್ ಶಾಸನವಿದೆ. ಅದರಲ್ಲಿರುವುದು ನಮ್ಮ ಕನ್ನಡ ಶಾಸನಗಳಲ್ಲಿ ಓದುವ ಅದೇ ಶಕವರ್ಷ, 1030, ಅಂದರೆ ಕ್ರಿ.ಶ. 1108. ಇಟಗಿಯ ಮಹಾದೇವ ದೇವಾಲಯ 1112ರದ್ದು, ಬೇಲೂರಿನ ಚೆನ್ನಕೇಶವ 1117ರದ್ದು. ಒಂದೇ ಕಾಲದಲ್ಲಿ ಅಲ್ಲೂ ಇಲ್ಲೂ ಉಳಿಯ ಸದ್ದು ಕೇಳುತ್ತಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತು ಮಾವನವರಿಗೆ ಇದನ್ನು ಹೇಳಿದೆ. ಅವರು ಎದ್ದು ಹೋಗಿ ಆ ಚೌಕಟ್ಟನ್ನು ತುಂಬ ಹೊತ್ತು ನೋಡುತ್ತಾ ನಿಂತರು.

ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಬಿಡಬೇಡಿ. ಏಳನೇ ಜಯವರ್ಮನದೆಂದು ಹೇಳುವ ಕಲ್ಲಿನ ಪ್ರತಿಮೆ ಅಲ್ಲಿದೆ, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತ ಮುಖ. ಸೋಮವಾರ, ಮಂಗಳವಾರ ರಜೆ. ಥಾಯ್ ಭಾಷೆಯಲ್ಲಿ ವಾನ್ ಚಾನ್, ವಾನ್ ಆಂಗ್‌ಖಾನ್, ಅಂದರೆ ಚಂದ್ರ ಮತ್ತು ಅಂಗಾರಕ. ಮೊದಲ ಸಲ ಸೋಮವಾರವೇ ಹೋಗಿ ಮುಚ್ಚಿದ ಗೇಟು ನೋಡಿ ಮರಳಿದ್ದೆ. ಸಮಯವಿದ್ದರೆ ಎರಡು ಕಿ.ಮೀ. ದೂರದಲ್ಲಿ ಮೂನ್ ನದಿಯ ಬಳಿ ಸಾಯ್ ನ್ಗಾಮ್ ಎಂಬ ಆಲದ ತೋಪು ಇದೆ, ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡಿದವರಿಗೆ ಊರು ನೆನಪಾಗುತ್ತದೆ.

ಇನ್ನೊಂದು ರಾತ್ರಿ ಬಿಡುವಿದ್ದರೆ ಬುರಿರಾಮ್ ಕಡೆಯ ಪನೋಮ್ ರುಂಗ್. ಆರಿದ ಜ್ವಾಲಾಮುಖಿಯ ನೆತ್ತಿಯ ಮೇಲಿರುವ ಶಿವಾಲಯ. ಇಲ್ಲಿಂದ ಕಳುವಾಗಿ ಷಿಕಾಗೊ ಸೇರಿದ್ದ ಅನಂತಶಯನ ವಿಷ್ಣುವಿನ ಬಾಗಿಲವಾಡ 1988ರಲ್ಲಿ ಮರಳಿ ಬಂತು. ಇಲ್ಲಿಗೆ ಉಳಿಯಲು ನಾಂಗ್ ರೋಂಗ್ ಊರು ಅನುಕೂಲ, ಬೆಟ್ಟಕ್ಕೆ ಬಾಡಿಗೆ ಗಾಡಿ ಮಾಡಿಕೊಳ್ಳಬೇಕು. ಏಪ್ರಿಲ್ ಮತ್ತು ಸೆಪ್ಟೆಂಬರಿನ ಕೆಲವು ದಿನ ಹುಟ್ಟುವ ಸೂರ್ಯ ಹದಿನೈದು ಬಾಗಿಲುಗಳ ಮೂಲಕ ನೇರ ಕಾಣುತ್ತಾನೆ, ಆಗ ಕೊಠಡಿ ಸಿಗುವುದು ಕಷ್ಟ. ಏಪ್ರಿಲ್ 13ರಿಂದ 15ರ ಸೋಂಗ್‌ಕ್ರಾನ್ ಹಬ್ಬಕ್ಕೂ ಅಷ್ಟೇ. 2025ರ ಜುಲೈನಲ್ಲಿ ಥಾಯ್-ಕಾಂಬೋಡಿಯ ಗಡಿಯಲ್ಲಿ ಕಾಳಗವೇ ನಡೆಯಿತು. ಪಿಮಾಯ್ ಗಡಿಯಿಂದ ದೂರ. ಬುರಿರಾಮ್, ಸುರಿನ್, ಸಿಸಾಕೆಟ್‌ಗಳ ದಕ್ಷಿಣ ಅಂಚಿಗೆ ಹೋಗುವ ಮುನ್ನ ಮಾತ್ರ ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡಿ. ಗಡಿಯ ಮೇಲೇ ಇರುವ ತಾ ಮುವಾನ್ ಗುಡಿಗಳ ಆಸೆಯನ್ನು ಸದ್ಯಕ್ಕೆ ಬಿಡಿ.

ಹೊರಡುವ ದಿನ ಕೋರಾತ್‌ಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಗೆಸ್ಟ್‌ಹೌಸಿನವರನ್ನೇ ಕೇಳಿ, ಅವರಿಗೆ ಗೊತ್ತಿರುವಷ್ಟು ಫೋನಿಗೆ ಗೊತ್ತಿರುವುದಿಲ್ಲ. ನಾವು ಕೀ ಕೊಟ್ಟಾಗ ಪಾ ಡ್ರಾಯರ್ ತೆಗೆದರು. ನಮ್ಮ ಇನ್ನೂರು ಬಾತ್ ಮುಂಗಡ ಕೊಠಡಿಯ ನಂಬರು ಬರೆದ ಚೀಟಿಯ ಜೊತೆ ಪಿನ್ ಮಾಡಿ ಅಲ್ಲಿತ್ತು, ನಾವು ಕೊಟ್ಟಿದ್ದ ಅದೇ ಎರಡು ನೋಟು. ಪಿನ್ ಬಿಚ್ಚಿ ನೋಟುಗಳನ್ನು ಅತ್ತೆಯ ಕೈಗೆ ಕೊಟ್ಟು, ಗಡಿಯಾರ ನೋಡಿ, ಬಸ್ಸಿಗೆ ಇನ್ನು ಹತ್ತೇ ನಿಮಿಷ ಎಂದು ಬೆರಳಲ್ಲಿ ತೋರಿಸಿದರು.