ನಾನಾವತಿ ಕೇಸಿನ ಕೋರ್ಟ್ ಸೀನ್ ಬರೆದ ಬಗೆ: ನನ್ನ ಅನುಭವ

ಹೆಂಡತಿ ಸಿಲ್ವಿಯಾಳ ಪ್ರಿಯಕರ ಅಹುಜಾ, ನೌಕಾಪಡೆಯ ಅಧಿಕಾರಿ ನಾನಾವತಿಯ ಗುಂಡಿಗೆ ಸತ್ತ ಕೇಸನ್ನು ಟಿವಿಗೆ ಬರೆಯುವಾಗ ಪತ್ರಿಕೆಗಳ ರೋಚಕ ವರದಿಗಳನ್ನು ಪಕ್ಕಕ್ಕಿಟ್ಟು, 1961ರ ನವೆಂಬರ್ 24ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಶುರುಮಾಡಿದೆ. ಅದರಿಂದ 1959ರ ಏಪ್ರಿಲ್ 27ರ ವೇಳೆಪಟ್ಟಿ ತೆಗೆದೆ. ನಾನಾವತಿ ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟದ್ದು, ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟದ್ದು, ಹಡಗಿನಲ್ಲಿ ಸುಳ್ಳು ನೆಪ ಹೇಳಿ ರಿವಾಲ್ವರ್ ಮತ್ತು ಆರು ಗುಂಡು ಪಡೆದದ್ದು, ಅಹುಜಾನ ಆಫೀಸು, ಕೊನೆಗೆ ಫ್ಲ್ಯಾಟು. ಗುಂಡು ಹಾರಿದ್ದು 4.20ಕ್ಕೆ. ಈ ಪಟ್ಟಿ ಗೋಡೆಯ ಮೇಲೆ ಇಲ್ಲದೆ ಒಂದು ಪಾಟೀ ಸವಾಲನ್ನೂ ಬರೆಯಬೇಡಿ. ಹೆಚ್ಚುಕಡಿಮೆ ಮೂರು ಗಂಟೆಯ ಈ ಅಂತರವೇ ‘ಹಠಾತ್ ಪ್ರಚೋದನೆ’ಯ ವಾದವನ್ನು ಸುಪ್ರೀಂ ಕೋರ್ಟಿನಲ್ಲಿ ಮುರಿದದ್ದು.

ಸ್ಕ್ರಿಪ್ಟು ಹೆಚ್ಚಾಗಿ ದಾರಿ ತಪ್ಪುವುದು ಪ್ರತಿವಾದದಲ್ಲಿ. ನಾನಾವತಿಯ ವಕೀಲ ಕಾರ್ಲ್ ಖಂಡಾಲಾವಾಲಾ ಅವರ ಮುಖ್ಯ ವಾದ ‘ರಿವಾಲ್ವರ್‌ಗಾಗಿ ಕಿತ್ತಾಟ ನಡೆಯಿತು, ಗುಂಡು ಆಕಸ್ಮಿಕವಾಗಿ ಹಾರಿತು’ ಎಂಬುದು. ಇದು ಆಗಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 80ನೇ ಕಲಂ. ‘ಪ್ರಚೋದನೆಯಿಂದ ಕೊಂದ’ ಎಂಬುದು ಕೊಲೆಯ ಬಗೆಗಿನ 300ನೇ ಕಲಮಿನ ಮೊದಲ ವಿನಾಯಿತಿ. ಒಂದು ಉದ್ದೇಶವೇ ಇರಲಿಲ್ಲ ಎನ್ನುತ್ತದೆ, ಇನ್ನೊಂದು ಕೊಂದದ್ದನ್ನು ಒಪ್ಪಿಕೊಂಡು ಕಾರಣ ಕೊಡುತ್ತದೆ. ಎರಡನ್ನೂ ಒಂದೇ ಭಾಷಣದಲ್ಲಿ ತುಂಬಿದರೆ ವಕೀಲರೇ ತಮ್ಮ ಮಾತನ್ನು ತಾವು ಕಡಿದಂತಾಗುತ್ತದೆ. ಆದ್ದರಿಂದ ವಕೀಲರ ಬಾಯಲ್ಲಿ ಆಕಸ್ಮಿಕವನ್ನಷ್ಟೇ ಇಟ್ಟು, ಗಂಡನ ನೋವನ್ನು ಸಿಲ್ವಿಯಾ ಸಾಕ್ಷ್ಯದೊಳಗೆ ಹರಿಯಬಿಟ್ಟೆ. ಜ್ಯೂರಿಯ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ತಂಡದ, ಮನಸ್ಸಿಗೆ ತಟ್ಟುವುದು ಅಲ್ಲಿಂದಲೇ.

ಆಕಸ್ಮಿಕದ ವಾದಕ್ಕೆ ಎದುರು ನಿಲ್ಲುವ ಸಾಕ್ಷ್ಯ ಟವಲ್. ಅಹುಜಾ ಆಗಷ್ಟೇ ಸ್ನಾನ ಮುಗಿಸಿದ್ದ. ಸತ್ತು ಬಿದ್ದಾಗಲೂ ಟವಲ್ ಸೊಂಟದಲ್ಲೇ ಇತ್ತು. ಕಿತ್ತಾಟ ನಡೆದಿದ್ದರೆ ಅದು ಉಳಿಯುತ್ತಿತ್ತೇ? ಈ ಪ್ರಶ್ನೆಗೆ ಹಿನ್ನೆಲೆ ಸಂಗೀತ ಬೇಡ. ಪಾತ್ರದ ಸೊಂಟಕ್ಕೆ ನಿಜವಾಗಿ ಟವಲ್ ಸುತ್ತಿ, ಇಬ್ಬರು ನಟರಿಂದ ಕಿತ್ತಾಟ ಮಾಡಿಸಿ ನೋಡಿ, ಆಮೇಲೆ ಸಂಭಾಷಣೆ ಬರೆಯಿರಿ.

ಪ್ರಶ್ನೆಗಳ ಧಾಟಿಯೂ ಸರಿಯಿರಬೇಕು. ತಮ್ಮದೇ ಸಾಕ್ಷಿಗೆ ವಕೀಲರು ಉತ್ತರ ಸೂಚಿಸುವ ಪ್ರಶ್ನೆ ಹಾಕುವಂತಿಲ್ಲ: ‘ನೀವು ಆಗ ಏನು ನೋಡಿದಿರಿ?’ ಎಂದೇ ಕೇಳಬೇಕು. ‘ಟವಲ್ ಬಿಚ್ಚಿರಲಿಲ್ಲ, ಅಲ್ಲವೇ?’ ಎನ್ನುವುದು ಪಾಟೀ ಸವಾಲಿಗೆ ಮಾತ್ರ. ಇನ್ನು ನ್ಯಾಯಾಧೀಶರ ಕೈಗೆ ಮರದ ಸುತ್ತಿಗೆ ಕೊಡಬೇಡಿ. ಭಾರತದ ಕೋರ್ಟುಗಳಲ್ಲಿ ಆ ಪದ್ಧತಿಯೇ ಇಲ್ಲ.

ಹೆಚ್ಚು ನಿಮಿಷ ಕೊಡಬೇಕಾದದ್ದು ಸೆಷನ್ಸ್ ನ್ಯಾಯಾಧೀಶರು ಜ್ಯೂರಿಗೆ ಕಾನೂನು ವಿವರಿಸುವ ಸೀನಿಗೆ. ಎಡಿಟಿಂಗ್‌ನಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ, ಬಿಡಬೇಡಿ. ಆಕಸ್ಮಿಕ ಎನ್ನುವವನೇ ಅದನ್ನು ರುಜುವಾತು ಮಾಡಬೇಕು ಎಂಬುದನ್ನು ಜ್ಯೂರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದು ಮೇಲಿನ ಕೋರ್ಟುಗಳು ಹಿಡಿದ ದೋಷಗಳಲ್ಲೊಂದು. 8–1ರಿಂದ ಬಿಡುಗಡೆಯ ತೀರ್ಪು ಬಂದದ್ದು, ಅದನ್ನು ಒಪ್ಪದ ನ್ಯಾಯಾಧೀಶರು ಹೈಕೋರ್ಟಿಗೆ ಕಳಿಸಿದ್ದು, 1960ರಲ್ಲಿ ಜೀವಾವಧಿ ಶಿಕ್ಷೆಯಾದದ್ದು ನೋಡುವವರಿಗೆ ಅರ್ಥವಾಗಬೇಕಾದರೆ ಈ ಸೀನ್ ಬೇಕೇ ಬೇಕು.

ಕೊನೆಯ ಫಲಕದಲ್ಲಿ ‘ಭಾರತದ ಕೊನೆಯ ಜ್ಯೂರಿ ವಿಚಾರಣೆ’ ಎಂದು ಹಾಕಬೇಡಿ. ಇದಾದ ಮೇಲೂ ಜ್ಯೂರಿ ವಿಚಾರಣೆಗಳು ನಡೆದಿವೆ. 1964ರಲ್ಲಿ ನಾನಾವತಿಗೆ ಸಿಕ್ಕ ಕ್ಷಮಾದಾನವನ್ನು ಹಾಕಿದರೆ ಸಾಕು.