ಬೇರೆ ಬೇರೆ ಟಿಕೆಟ್‌ಗಳಲ್ಲಿ ವಿದೇಶ ಪ್ರಯಾಣ: ನಡುವೆ ವಿಮಾನ ಬದಲಿಸುವುದು ಹೇಗೆ?

ತುಮಕೂರಿನ ಕ್ಯಾತಸಂದ್ರದಲ್ಲಿ ನಮಗೆ ಪರಿಚಯವಿರುವ ಹಿರಿಯ ದಂಪತಿ ಮಗಳ ಬಾಣಂತನಕ್ಕೆಂದು ಮೆಲ್ಬರ್ನ್‌ಗೆ ಹೊರಟಾಗ, ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಒಂದು ಕಂಪನಿಯ ಟಿಕೆಟ್ಟನ್ನೂ ಅಲ್ಲಿಂದ ಮುಂದಕ್ಕೆ ಮತ್ತೊಂದು ಕಂಪನಿಯ ಟಿಕೆಟ್ಟನ್ನೂ ಅಳಿಯ ಬೇರೆ ಬೇರೆಯಾಗಿ ಮಾಡಿಸಿದ್ದರು. ಕ್ವಾಲಾಲಂಪುರದಲ್ಲಿ ಇಳಿದ ಅವರು ಟ್ರಾನ್ಸಿಟ್ ಎಂಬ ಫಲಕ ಕಂಡ ಕಡೆಗೆ ನಡೆದು ಎರಡು ಗಂಟೆ ಒಳಗೇ ಕುಳಿತರು. ಒಣಶುಂಠಿ, ಮೆಣಸು, ಓಮದ ಪೊಟ್ಟಣಗಳಿದ್ದ ಅವರ ಎರಡು ಸೂಟ್‌ಕೇಸ್‌ಗಳು ಅಷ್ಟು ಹೊತ್ತೂ ಕೆಳಗಿನ ಬೆಲ್ಟಿನ ಮೇಲೆ ಸುತ್ತುತ್ತಿದ್ದವು. ಟಿಕೆಟ್ ಬೇರೆ ಬೇರೆಯಾದ್ದರಿಂದ ಅವನ್ನು ತಾವೇ ಪಡೆದು ಮತ್ತೆ ಒಪ್ಪಿಸಬೇಕೆಂದು ತಿಳಿದು ಹೊರಬರುವಷ್ಟರಲ್ಲಿ ಎರಡನೆಯ ವಿಮಾನದ ಚೆಕ್-ಇನ್ ಮುಗಿದಿತ್ತು. ಬೇರೆ ಟಿಕೆಟ್ ಮಾಡಿಸಿ ಉಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಹಣವನ್ನು ಅಲ್ಲಿ ಹೊಸ ಟಿಕೆಟ್‌ಗೆ ತೆರಬೇಕಾಯಿತು. ಹೊರಡುವ ಮುನ್ನ ಅರ್ಧ ಗಂಟೆ ಕೂತು ವಿವರಿಸಿದ್ದರೆ ಈ ಪಾಡು ತಪ್ಪುತ್ತಿತ್ತು.

ಮೊದಲು ಮಾಡಬೇಕಾದ ಕೆಲಸವೆಂದರೆ, ಕೈಯಲ್ಲಿರುವುದು ಒಂದು ಟಿಕೆಟ್ಟೋ ಎರಡೋ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಒಂದೇ ಬಾರಿಗೆ ಹಣ ಕಟ್ಟಿದ ಮಾತ್ರಕ್ಕೆ ಅದು ಒಂದೇ ಟಿಕೆಟ್ ಆಗುವುದಿಲ್ಲ. ಕೆಲವು ಜಾಲತಾಣಗಳು ಎರಡು ಟಿಕೆಟ್‌ಗಳನ್ನು ಜೋಡಿಸಿ ಮಾರುತ್ತವೆ ಮತ್ತು ‘ಸೆಲ್ಫ್ ಟ್ರಾನ್ಸ್‌ಫರ್’ (ನಡುವೆ ವಿಮಾನ ಬದಲಿಸುವ ಹೊಣೆ ನಿಮ್ಮದೇ) ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಪಿಎನ್‌ಆರ್ ನೋಡುವುದಕ್ಕಿಂತ 13 ಅಂಕಿಗಳ ಇ-ಟಿಕೆಟ್ ಸಂಖ್ಯೆಯನ್ನು ನೋಡುವುದು ಒಳ್ಳೆಯದು. ಎರಡೂ ವಿಮಾನಗಳಿಗೆ ಅದೇ ಸಂಖ್ಯೆಯಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಿಮ್ಮನ್ನು ಇನ್ನೊಂದು ವಿಮಾನದಲ್ಲಿ ಊರು ಮುಟ್ಟಿಸುವ ಹೊಣೆ ಕಂಪನಿಯದು. ಸಂಬಂಧವಿಲ್ಲದ ಎರಡು ಟಿಕೆಟ್‌ಗಳಿದ್ದರೆ ಮೊದಲ ಕಂಪನಿಯ ಹೊಣೆ ನಡುವಿನ ಊರಿಗೇ ಮುಗಿಯುತ್ತದೆ. ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಬಾರದೆ ಉಳಿದ ಪ್ರಯಾಣಿಕರು. ಅದರಲ್ಲಿ ವಾಪಸು ಟಿಕೆಟ್ಟೂ ಸೇರಿದ್ದರೆ ಸಾಮಾನ್ಯವಾಗಿ ಅದೂ ರದ್ದಾಗುತ್ತದೆ.

ಎರಡನೆಯ ಹೆಜ್ಜೆ ವೀಸಾ. ನನ್ನ ಅಭಿಪ್ರಾಯದಲ್ಲಿ ಟಿಕೆಟ್‌ಗೆ ಹಣ ಕಟ್ಟುವ ಮೊದಲೇ ಇದನ್ನು ನೋಡಬೇಕು. ಲಗೇಜನ್ನು ನೀವೇ ಪಡೆದು ಮತ್ತೆ ಒಪ್ಪಿಸಬೇಕಾದರೆ ಆ ದೇಶದ ಇಮಿಗ್ರೇಷನ್ ದಾಟಿ ಹೊರಗೆ ಬರಬೇಕು, ಅಂದರೆ ಆ ದೇಶವನ್ನು ಪ್ರವೇಶಿಸಬೇಕು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ನೀಡಲಾರಂಭಿಸಿತು. ಆದರೂ ಅಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಲಂಡನ್‌ನಲ್ಲಿ ನಿಲ್ದಾಣದ ಒಳಗೇ ವಿಮಾನ ಬದಲಿಸಲು ಕೊಡುವ ಟ್ರಾನ್ಸಿಟ್ ವೀಸಾದಿಂದ ಇಮಿಗ್ರೇಷನ್ ದಾಟಲಾಗದು, ಅದಕ್ಕೆ ಬೇರೆ ವೀಸಾ ಬೇಕು. ಅಮೆರಿಕದಲ್ಲಂತೂ ಬರಿದೇ ಹಾದುಹೋಗುವವರಿಗೂ ವೀಸಾ ಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ದೇಶದ ಸರ್ಕಾರಿ ಜಾಲತಾಣವನ್ನು ಒಮ್ಮೆ ಟಿಕೆಟ್ ಮಾಡಿಸುವ ಮುನ್ನ, ಇನ್ನೊಮ್ಮೆ ಹೊರಡುವ ವಾರದಲ್ಲಿ ನೋಡಿಕೊಳ್ಳಬೇಕು. ದಾಖಲೆ ಸರಿಯಿಲ್ಲದಿದ್ದರೆ ದೇವನಹಳ್ಳಿಯ ಕೌಂಟರಿನಲ್ಲೇ ತಡೆಯುತ್ತಾರೆ.

ಮೂರನೆಯದು ಸಮಯ. ವಿಮಾನ ನಿಲ್ದಾಣಗಳು ಪ್ರಕಟಿಸುವ ‘ಕನಿಷ್ಠ ಸಂಪರ್ಕ ಸಮಯ’, ಅಂದರೆ ವಿಮಾನ ಬದಲಿಸಲು ಬೇಕಾದ ಕನಿಷ್ಠ ಹೊತ್ತು, ಒಂದೇ ಟಿಕೆಟ್‌ನವರಿಗೆ ಮಾಡಿದ ಲೆಕ್ಕ. ಅದನ್ನು ನಂಬಿ ಎರಡು ಟಿಕೆಟ್ ಮಾಡಿಸಬಾರದು. ಇಳಿಯುವುದು, ಇಮಿಗ್ರೇಷನ್ ಸಾಲು, ಬೆಲ್ಟಿನ ಬಳಿ ಕಾಯುವುದು, ಕಸ್ಟಮ್ಸ್, ಟರ್ಮಿನಲ್ ಬದಲಾವಣೆ, ಮತ್ತೆ ಚೆಕ್-ಇನ್ ಸಾಲು, ಇವಿಷ್ಟೂ ಎರಡನೆಯ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಗಿದಿರಬೇಕು, ಏಕೆಂದರೆ ಬಹುತೇಕ ಕಂಪನಿಗಳು ಆ ಹೊತ್ತಿಗೆ ಕೌಂಟರ್ ಮುಚ್ಚುತ್ತವೆ. ಲಗೇಜ್ ಇದ್ದರೆ ಆರು ಗಂಟೆಗಿಂತ ಕಡಿಮೆ ಅಂತರವನ್ನು ನಾನು ಯಾರಿಗೂ ಹೇಳುವುದಿಲ್ಲ. ವಯಸ್ಸಾದವರಾದರೆ ಅಲ್ಲೇ ಒಂದು ರಾತ್ರಿ ತಂಗುವುದು ಲೇಸು. ಇಳಿಯುವ ಮತ್ತು ಹತ್ತುವ ನಿಲ್ದಾಣ ಒಂದೇ ಎಂಬುದನ್ನೂ ನೋಡಿಕೊಳ್ಳಿ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಬೇರೆ, ಡಾನ್ ಮುಯಾಂಗ್ ಬೇರೆ. ಟೋಕಿಯೊದಲ್ಲಿ ನರಿಟಾ ಬೇರೆ, ಹನೇಡಾ ಬೇರೆ. ಕ್ವಾಲಾಲಂಪುರದಲ್ಲಿ ನಿಲ್ದಾಣ ಒಂದೇ ಆದರೂ ಎರಡು ಟರ್ಮಿನಲ್‌ಗಳ ನಡುವೆ ರೈಲು ಹಿಡಿಯಬೇಕು. ದಿನಾಂಕದಲ್ಲೂ ಎಡವುವವರಿದ್ದಾರೆ: 15ನೇ ತಾರೀಖು 00:40ಕ್ಕೆ ವಿಮಾನವಿದ್ದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು.

ಲಗೇಜಿನಲ್ಲಿ ಯಾವ ಕಂಪನಿಯ ಮಿತಿ ಕಡಿಮೆಯೋ ಅದೇ ಇಡೀ ಪ್ರಯಾಣದ ಮಿತಿ. ಮೊದಲನೆಯದು 23 ಕಿಲೋದ ಎರಡು ಪೆಟ್ಟಿಗೆಗಳಿಗೆ ಒಪ್ಪಿ ಎರಡನೆಯದು 20 ಕಿಲೋ ಮಾತ್ರ ಎಂದರೆ, ಉಳಿದ 26 ಕಿಲೋಗೆ ಪರದೇಶದ ಕೌಂಟರಿನಲ್ಲಿ ದಂಡ ತೆರಬೇಕಾಗುತ್ತದೆ. ಹೆಚ್ಚುವರಿ ತೂಕವನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ಕೊಂಡರೆ ಅಗ್ಗ. ತಿಪಟೂರಿನ ಕಡೆಯವರಿಗೆ ವಿಶೇಷವಾಗಿ ಒಂದು ಮಾತು: ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿದ್ದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ವಿಮಾನದಲ್ಲಿ ಅಪಾಯಕಾರಿ ವಸ್ತುವೆಂದು ಪರಿಗಣಿಸುತ್ತಾರೆ. ಮಗಳಿಗೆಂದು ಇಟ್ಟ ಗಿಟುಕನ್ನು ಮನೆಯಲ್ಲೇ ಬಿಡಿ. ಪವರ್ ಬ್ಯಾಂಕ್, ಔಷಧಿ, ವೈದ್ಯರ ಚೀಟಿ ಕೈಚೀಲದಲ್ಲಿರಲಿ.

ಹೊರಡುವ ದಿನ ತುಮಕೂರಿನಿಂದ ಡಾಬಸ್‌ಪೇಟೆ, ದೊಡ್ಡಬಳ್ಳಾಪುರ ಮಾರ್ಗವಾಗಿ ದೇವನಹಳ್ಳಿಗೆ ಹೋದರೆ ಬೆಂಗಳೂರು ನಗರದೊಳಗೆ ಸಿಲುಕುವುದಿಲ್ಲ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಲ್ಲಿವೆ. ಕೌಂಟರಿನಲ್ಲಿ ಎರಡೂ ಟಿಕೆಟ್‌ಗಳ ಮುದ್ರಿತ ಪ್ರತಿಯನ್ನು ಮುಂದಿಟ್ಟು, ಲಗೇಜನ್ನು ಕೊನೆಯ ಊರಿನವರೆಗೂ ಕಳುಹಿಸಲಾಗುತ್ತದೆಯೇ ಎಂದು ಕೇಳಿ. ಎರಡು ಕಂಪನಿಗಳ ನಡುವೆ ಒಪ್ಪಂದವಿದ್ದರೆ ಕೆಲವೊಮ್ಮೆ ಆಗುತ್ತದೆ. ಉತ್ತರ ಏನೇ ಇರಲಿ, ಸೂಟ್‌ಕೇಸಿಗೆ ಕಟ್ಟಿದ ಟ್ಯಾಗನ್ನು ಕಣ್ಣಾರೆ ಓದಿ. ದೊಡ್ಡದಾಗಿ ಕೆಯುಎಲ್ ಎಂಬ ಮೂರು ಅಕ್ಷರಗಳಿದ್ದರೆ ಪೆಟ್ಟಿಗೆ ಕ್ವಾಲಾಲಂಪುರದಲ್ಲೇ ಇಳಿಯುತ್ತದೆ, ಎಂಇಎಲ್ ಎಂದಿದ್ದರೆ ಮೆಲ್ಬರ್ನ್‌ವರೆಗೆ ಹೋಗುತ್ತದೆ. ಕ್ಯಾತಸಂದ್ರದವರ ಟ್ಯಾಗಿನ ಮೇಲೂ ಉತ್ತರ ಬರೆದೇ ಇತ್ತು, ಅದನ್ನು ಓದಬೇಕೆಂದು ಯಾರೂ ಅವರಿಗೆ ತಿಳಿಸಿರಲಿಲ್ಲ.

ವಾಪಸು ಬರುವಾಗ ದೆಹಲಿ ಅಥವಾ ಮುಂಬೈ ಮೂಲಕ ಬಂದರೆ, ಒಂದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಅಲ್ಲೇ ಲಗೇಜ್ ಪಡೆದು ಕಸ್ಟಮ್ಸ್ ಮುಗಿಸಬೇಕು.

ಇಷ್ಟಾಗಿಯೂ ಮೊದಲ ವಿಮಾನ ತಡವಾದರೆ, ಎರಡನೆಯದು ಹೊರಡುವ ಮೊದಲೇ ಆ ಕಂಪನಿಗೆ ಫೋನ್ ಮಾಡಿ ದಿನಾಂಕ ಬದಲಿಸಿಕೊಡಲು ಕೇಳಿ. ವಿಮಾನ ಹೋದ ಮೇಲೆ ಕೇಳಿದರೆ ಟಿಕೆಟ್ಟಿನಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಮೊದಲ ಕಂಪನಿಯಿಂದ ವಿಳಂಬದ ಬಗ್ಗೆ ಲಿಖಿತ ಪತ್ರ ಪಡೆಯಿರಿ, ವಿಮೆಯ ಹಣ ಕೇಳಲು ಅದು ಬೇಕಾಗುತ್ತದೆ. ಬೇರೆ ಟಿಕೆಟ್‌ಗಳ ನಡುವೆ ತಪ್ಪಿದ ವಿಮಾನಕ್ಕೂ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿ ಕೊಳ್ಳುವಾಗಲೇ ಬರಹದಲ್ಲಿ ಕೇಳಿಟ್ಟುಕೊಂಡಿರಿ. ಸೂಟ್‌ಕೇಸ್ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲು ಅಲ್ಲಿನ ಬ್ಯಾಗೇಜ್ ಕೌಂಟರಿನಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನೂ ಬೋರ್ಡಿಂಗ್ ಪಾಸ್‌ಗೆ ಅಂಟಿಸಿದ ಲಗೇಜ್ ಚೀಟಿಯನ್ನೂ ಜೋಪಾನವಾಗಿಟ್ಟುಕೊಳ್ಳಿ. ವಿಮಾನ ಕಂಪನಿಗಳ ಹೊಣೆಯನ್ನು ಕುರಿತ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ತಡವಾಗಿ ಬಂದ ಲಗೇಜಿಗೆ ಅದು ಕೈಸೇರಿದ 21 ದಿನಗಳೊಳಗೆ, ಒಡೆದು ಹಾಳಾದುದಕ್ಕೆ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕು.