ಒಂದು ಕೆಜಿ ಪ್ಯಾಕೆಟ್ ಹಿಟ್ಟು, ಮೂರು ರಾತ್ರಿ ತಿಂಡಿ

ಅಂಗಡಿ ದೋಸೆ ಹಿಟ್ಟಿನಲ್ಲಿ ಮನೆ ರುಚಿ ಬರಲ್ಲ ಅಂತ ನಮ್ಮತ್ತೆ ಮೊದಲ ದಿನವೇ ಹೇಳಿಬಿಟ್ಟಿದ್ದರು. ಈಗ ಪಡ್ಡು ಮಾಡಿದ ರಾತ್ರಿ ಇನ್ನೆರಡು ಹಾಕಮ್ಮ ಅನ್ನುವವರು ಅವರೇ.

ಹಿಟ್ಟಿನ ವಯಸ್ಸು ನೋಡಿ ತಿಂಡಿ ಆರಿಸಬೇಕು, ಅಷ್ಟೇ. ಫ್ರಿಜ್ಜಿನಲ್ಲಿದ್ದರೂ ಹಿಟ್ಟು ನಿಧಾನಕ್ಕೆ ಹುಳಿಯುತ್ತಲೇ ಇರುತ್ತದೆ, ಪ್ಯಾಕೆಟ್ ಉಬ್ಬುವುದೂ ಅದಕ್ಕೇ. ತಂದ ರಾತ್ರಿ ದಪ್ಪಗೆ ಸೆಟ್ ದೋಸೆ. ಮಾರನೇ ದಿನ ನೀರು ಬೆರೆಸಿ ತೆಳ್ಳಗೆ ಗರಿಗರಿ ದೋಸೆ. ಹುಳಿ ಜಾಸ್ತಿಯಾದ ಕೊನೆಯ ಹಿಟ್ಟು ಪಡ್ಡುವಿಗೆ.

ಇಡ್ಲಿಗೆ ಮಾತ್ರ ಸೋತೆ. ಎರಡಕ್ಕೂ ಆಗುತ್ತದೆ ಅಂತ ಕವರ್ ಮೇಲೆ ಬರೆದಿರುತ್ತದೆ, ಆದರೆ ಅಷ್ಟು ನುಣ್ಣನೆ ಹಿಟ್ಟಿನಲ್ಲಿ ನನಗೆ ಸಿಕ್ಕಿದ್ದು ಬರೀ ಅಂಟಂಟು ಬಿಲ್ಲೆ. ನೆನೆಸಿದ ಇಡ್ಲಿ ರವೆ ಸೇರಿಸಿದೆ, ಬೆಚ್ಚಗಿನ ಜಾಗದಲ್ಲಿಟ್ಟೆ, ಸೋಡಾ ಹಾಕಿದೆ. ಒಂದೂ ಸರಿಹೋಗಲಿಲ್ಲ. ಇಡ್ಲಿ ಬೇಕೇ ಬೇಕು ಅಂದರೆ ರವೆ ಇಡ್ಲಿ ಮಿಕ್ಸ್ ತರುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಎಂಟಿಆರ್‌ನವರು ಕಂಡುಹಿಡಿದ ತಿಂಡಿ ಅಲ್ವಾ ಅದು. ಮೊಸರು ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ರಾತ್ರಿಯಿಡೀ ಕಾಯುವ ಕೆಲಸವಿಲ್ಲ.

ಪಡ್ಡುವಿಗೆ ಎರಡು ಸೌಟು ಹಿಟ್ಟಿಗೆ ಒಂದು ಹಿಡಿ ಚಿರೋಟಿ ರವೆ. ಈರುಳ್ಳಿ, ಹಸಿಮೆಣಸು, ಕೈತುಂಬ ಸಬ್ಬಸಿಗೆ ಸೊಪ್ಪು. ಕಲಸಿ ಹತ್ತು ನಿಮಿಷ ಬಿಡಿ, ರವೆ ನೀರನ್ನು ಎಳೆದುಕೊಳ್ಳುತ್ತದೆ. ಪಡ್ಡು ಹಂಚಿನ ಗುಳಿಗಳಿಗೆ ಎಣ್ಣೆ ಬಿಟ್ಟು ಮುಕ್ಕಾಲು ಭಾಗ ಮಾತ್ರ ಹಿಟ್ಟು ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಅಂಚು ಕೆಂಪಗಾಗಿ ತಾನೇ ಬಿಟ್ಟುಕೊಂಡ ಮೇಲೆ ತಿರುವಿ. ಕಲಸುವಾಗ ಇನ್ನೊಂದು ಚಮಚ ಏನೋ ಹಾಕುತ್ತೇನೆ. ಅದನ್ನು ಅತ್ತೆಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಚಟ್ನಿಗೆ ಒಣಕೊಬ್ಬರಿ ಪುಡಿಯ ದೊಡ್ಡ ಪ್ಯಾಕೆಟ್ ತಂದು ಸುಮಾರು ಇನ್ನೂರು ರೂಪಾಯಿ ಸುಮ್ನೆ ಹೋಯಿತು. ನೆನೆಸಿ ರುಬ್ಬಿದರೂ ನಾಲಿಗೆಗೆ ತರಿತರಿ. ತುರಿದು ಫ್ರೀಜ್ ಮಾಡಿದ ಕಾಯಿ ಪರವಾಗಿಲ್ಲ, ಹುರಿಗಡಲೆ ಜೊತೆ ಚೆನ್ನಾಗಿ ಹೊಂದುತ್ತದೆ. ಒಗ್ಗರಣೆ ಮಾತ್ರ ಆಗಷ್ಟೇ ಹಾಕಿದ್ದಿರಬೇಕು.

ನಡುವೆ ಫ್ರೋಜನ್ ಪರೋಟದ ಮೇಲೂ ಕೈಯಾಡಿಸಿದೆ. ಬೇಯಿಸಿ, ಚೂರು ಮಾಡಿ, ಟೊಮೆಟೊ, ಮೊಟ್ಟೆ, ಕಾಂಡಿಮೆಂಟ್ಸ್ ಅಂಗಡಿಯ ಸಾರಿನ ಪುಡಿ ಹಾಕಿ ಹುರಿದರೆ ಭರ್ಜರಿ ಕೊತ್ತು ಪರೋಟ. ಬಿಸಿ ಮಾಡಿ ತಿನ್ನುವ ರೆಡಿ ಪಲ್ಯಗಳನ್ನು ಮಾತ್ರ ನಿಲ್ಲಿಸಿದೆ. ಒಂದು ಪೊಟ್ಟಣ ನೂರರ ಆಸುಪಾಸು, ಒಬ್ಬರಿಗೂ ಸಾಲದು.

ಹಿಟ್ಟು ನೂರು ರೂಪಾಯಿ ಒಳಗೆ. ಸೊಪ್ಪು, ಕಾಯಿ, ಎಣ್ಣೆ ಸೇರಿ ನಾಲ್ಕು ಜನಕ್ಕೆ ಒಂದು ರಾತ್ರಿಗೆ ಎಪ್ಪತ್ತೋ ಎಂಬತ್ತೋ ಬೀಳುತ್ತದೆ. ಅದೇ ದೋಸೆ ಆರ್ಡರ್ ಮಾಡಿದರೆ ನಾನೂರು ದಾಟುತ್ತದೆ, ಬರುವಷ್ಟರಲ್ಲಿ ಮೆತ್ತಗೂ ಆಗಿರುತ್ತದೆ.